ಕಾರೊಯ್ ಟಕಾಚ್: ಬಲಗೈಗೆ ತೀವ್ರ ಗಾಯವಾದರೂ ಎಡಗೈಯಿಂದ ಒಲಿಂಪಿಕ್ ಪದಕ ಗೆದ್ದ ಗುರಿಕಾರ

ಅಪಘಾತ ಅಥವಾ ಅವಘಡದಿಂದ ಅಂಗವೈಕಲ್ಯಕ್ಕೆ ಒಳಗಾದವರ ಪುನಶ್ಚೇತನಕ್ಕೆ ಚಿಕಿತ್ಸೆ, ಸಾಧನ ಸಲಕರಣೆ ಹಾಗೂ ಆರ್ಥಿಕ ನೆರವು ಎಷ್ಟು ಅವಶ್ಯವೋ, ಮನೋಧೋರಣೆಯೂ ಅಷ್ಟೇ ಅವಶ್ಯವಾಗಿರುತ್ತದೆ. ಹಂಗೇರಿ ದೇಶದ ಪಿಸ್ತೂಲ್ ಗುರಿಕಾರ ಕಾರೊಯ್ ಟಕಾಚ್ ಅವರ ಜೀವನವು ಇದಕ್ಕೆ ಉತ್ತಮ ನಿದರ್ಶನವಾಗಿದೆ. ಸಾರ್ವಜನಿಕರ ಮಾಹಿತಿಗಾಗಿ ಅವರ ಸಂಕ್ಷಿಪ್ತ ಪರಿಚಯವನ್ನು ಈ ಕೆಳಗೆ ನೀಡಲಾಗಿದೆ.

ಜನನ ಮತ್ತು ಸೇನಾ ಜೀವನ

ಟಕಾಚ್ ಅವರು 1910ರ ಜನವರಿ 21ರಂದು ಬುಡಾಪೆಸ್ಟ್ ನಗರದಲ್ಲಿ ಜನಿಸಿದರು. ಹಂಗೇರಿಯ ಸೇನೆಗೆ ಸೇರಿದ ಅವರು ಪಿಸ್ತೂಲ್ ಗುರಿಯಲ್ಲಿ ವಿಶೇಷ ಪರಿಣತಿಯನ್ನು ಗಳಿಸಿದರು. 1936ರ ಬರ್ಲಿನ್ ಒಲಿಂಪಿಕ್ಸ್ ವೇಳೆಗೆ ಅವರು ವಿಶ್ವದರ್ಜೆಯ ಗುರಿಕಾರರಾಗಿದ್ದರು. ಆದಾಗ್ಯೂ ಅವರ ಹುದ್ದೆ ಸಾರ್ಜೆಂಟ್ ದರ್ಜೆಯದಾಗಿತ್ತು. ಸೇನಾಧಿಕಾರಿಗಳಿಗೆ ಮಾತ್ರ ತಂಡದಲ್ಲಿ ಅವಕಾಶವೆಂಬ ಅಂದಿನ ನಿಯಮದಿಂದಾಗಿ ಅವರಿಗೆ ಸ್ಥಾನ ದೊರೆಯಲಿಲ್ಲ. ಬರ್ಲಿನ್ ಕ್ರೀಡಾಕೂಟದ ನಂತರ ಈ ನಿರ್ಬಂಧವನ್ನು ತೆಗೆದುಹಾಕಲಾಯಿತು. 1940ರ ಒಲಿಂಪಿಕ್ಸ್‌ನಲ್ಲಿ ಪಾಲ್ಗೊಳ್ಳುವುದು ಅವರ ಗುರಿಯಾಯಿತು.

1938ರ ಅವಘಡ

1938ರಲ್ಲಿ ಸೇನಾ ತರಬೇತಿಯ ವೇಳೆ ದೋಷಯುಕ್ತ ಕೈಬಾಂಬೊಂದು ಅವರ ಬಲಗೈಯಲ್ಲಿಯೇ ಸ್ಫೋಟಗೊಂಡಿತು. ಅವರು ಗುಂಡು ಹಾರಿಸುತ್ತಿದ್ದುದು ಅದೇ ಕೈಯಿಂದ. ಸುಮಾರು ಒಂದು ತಿಂಗಳ ಕಾಲ ಅವರು ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರು. ಅವರ ಕ್ರೀಡಾ ಜೀವನ ಅಲ್ಲಿಗೆ ಮುಗಿಯಿತೆಂದು ಭಾವಿಸಲು ಯಾರಿಗಾದರೂ ಸಾಕಷ್ಟು ಕಾರಣಗಳಿದ್ದವು.

ಆದರೆ ಅವರ ಮುಂದಿನ ನಡೆಯನ್ನು ಗಮನಿಸಿದಲ್ಲಿ, ಅವರು ಕಳೆದುಕೊಂಡುದನ್ನೂ ಉಳಿದುದನ್ನೂ ಬೇರೆ ಬೇರೆಯಾಗಿ ಕಂಡರೆಂಬುದು ಸ್ಪಷ್ಟವಾಗುತ್ತದೆ. ಪಿಸ್ತೂಲ್ ಸ್ಪರ್ಧೆಯಲ್ಲಿ ಒಂದೇ ಕೈಯಿಂದ ಗುರಿಯಿಡಬೇಕು. ಬಲಗೈ ನಿಷ್ಪ್ರಯೋಜಕವಾಗಿದ್ದರೂ ಗುರಿಯನ್ನು ಗುರುತಿಸುವ ಕಣ್ಣು, ಉಸಿರಿನ ಹತೋಟಿ, ಸಮಯದ ಅಂದಾಜು ಹಾಗೂ ವರ್ಷಗಳ ಅನುಭವ ಹಾಗೆಯೇ ಉಳಿದಿದ್ದವು. ಹೊಸದಾಗಿ ಕಲಿಯಬೇಕಾಗಿದ್ದುದು ಎಡಗೈ ಮಾತ್ರ. ಅವರು ಯಾರಿಗೂ ತಿಳಿಸದೆ ಎಡಗೈಯಿಂದ ಅಭ್ಯಾಸವನ್ನು ಆರಂಭಿಸಿದರು.

ಮರಳಿ ಸ್ಪರ್ಧೆಗೆ

1939ರಲ್ಲಿ ನಡೆದ ಹಂಗೇರಿಯ ರಾಷ್ಟ್ರೀಯ ಪಿಸ್ತೂಲ್ ಚಾಂಪಿಯನ್‌ಷಿಪ್‌ಗೆ ಅವರು ಬಂದಾಗ, ಸಹ ಸ್ಪರ್ಧಿಗಳು ಅವರನ್ನು ಪ್ರೇಕ್ಷಕರೆಂದೇ ತಿಳಿದು ಸಾಂತ್ವನ ಹೇಳಿದರೆಂದು ವರದಿಯಾಗಿದೆ. ಆ ಚಾಂಪಿಯನ್‌ಷಿಪ್‌ ಅನ್ನು ಟಕಾಚ್ ಅವರೇ ಗೆದ್ದರು. ಅದೇ ವರ್ಷ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜಯ ಗಳಿಸಿದ ಹಂಗೇರಿ ತಂಡದಲ್ಲಿಯೂ ಅವರಿದ್ದರು.

ಎರಡನೇ ಮಹಾಯುದ್ಧದ ಕಾರಣ 1940 ಮತ್ತು 1944ರ ಒಲಿಂಪಿಕ್ಸ್‌ಗಳು ರದ್ದಾದವು. ಗಾಯದಿಂದ ಚೇತರಿಸಿಕೊಂಡವರಿಗೆ ಇದು ಮತ್ತೊಂದು ಪರೀಕ್ಷೆಯಾಗಿತ್ತು. ಶ್ರಮಕ್ಕೆ ಫಲ ಯಾವಾಗ ದೊರೆಯುವುದೆಂಬ ಖಚಿತತೆ ಇಲ್ಲದೆ ಹಲವು ವರ್ಷ ಕಾಯಬೇಕಾಯಿತು. ಆದರೂ ಅವರು ಕ್ರೀಡೆಯನ್ನು ತೊರೆಯಲಿಲ್ಲ.

ಒಲಿಂಪಿಕ್ ಸಾಧನೆ

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ತಮ್ಮ 38ನೇ ವಯಸ್ಸಿನಲ್ಲಿ ಅವರು 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲ್ ಸ್ಪರ್ಧೆಗೆ ಇಳಿದರು. ಈ ಸ್ಪರ್ಧೆಯಲ್ಲಿ ಸಾಲಾಗಿ ಕಾಣಿಸಿಕೊಳ್ಳುವ ಐದು ಗುರಿಗಳಿಗೆ ಕೆಲವೇ ಸೆಕೆಂಡುಗಳಲ್ಲಿ ಒಂದೊಂದು ಗುಂಡು ಹಾರಿಸಬೇಕಾಗುತ್ತದೆ. ಕೈ ಒಮ್ಮೆ ಅನುಮಾನಿಸಿದರೂ ಅಂಕ ಕೈತಪ್ಪುತ್ತದೆ. ಟಕಾಚ್ ಅವರು 600ಕ್ಕೆ 580 ಅಂಕ ಗಳಿಸಿ, ವಿಶ್ವದಾಖಲೆಯೊಂದಿಗೆ ಚಿನ್ನದ ಪದಕ ಪಡೆದರು. 1947ರ ವಿಶ್ವ ಚಾಂಪಿಯನ್ ಆಗಿದ್ದ ಅರ್ಜೆಂಟೀನಾದ ಕಾರ್ಲೋಸ್ ಎನ್ರಿಕೆ ಡಿಯಾಸ್ ಸಾಯೆನ್ಸ್ ವಾಲಿಯೆಂಟೆ 571 ಅಂಕಗಳೊಂದಿಗೆ ಎರಡನೇ ಸ್ಥಾನ ಪಡೆದರು. ಸ್ಪರ್ಧೆಗೆ ಮುನ್ನ ಲಂಡನ್‌ಗೆ ಬಂದ ಉದ್ದೇಶವನ್ನು ಅವರು ವಿಚಾರಿಸಿದಾಗ, ಕಲಿಯಲು ಬಂದಿರುವುದಾಗಿ ಟಕಾಚ್ ತಿಳಿಸಿದ್ದರೆಂದು ಹೇಳಲಾಗುತ್ತದೆ.

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 579 ಅಂಕ ಗಳಿಸಿ ಅವರು ಚಿನ್ನದ ಪದಕವನ್ನು ಉಳಿಸಿಕೊಂಡರು. ಈ ಸ್ಪರ್ಧೆಯಲ್ಲಿ ಎರಡು ಬಾರಿ ಒಲಿಂಪಿಕ್ ಚಿನ್ನ ಗೆದ್ದ ಮೊದಲಿಗರು ಅವರೇ. ಕೇವಲ ಒಂದು ಅಂಕದ ಅಂತರದಿಂದ ಬೆಳ್ಳಿ ಪದಕ ಪಡೆದ 17 ವರ್ಷದ ಸಿಲಾರ್ಡ್ ಕುನ್ ಅವರ ಶಿಷ್ಯರಾಗಿದ್ದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಟಕಾಚ್ ಅವರು ಎಂಟನೇ ಸ್ಥಾನ ಪಡೆದರು. 1976ರ ಜನವರಿ 5ರಂದು ಬುಡಾಪೆಸ್ಟ್‌ನಲ್ಲಿ ನಿಧನರಾದರು.

ಈ ಜೀವನದಿಂದ ತಿಳಿಯುವ ಅಂಶ

ದೃಢಸಂಕಲ್ಪವೊಂದರಿಂದಲೇ ಗಾಯ ವಾಸಿಯಾಗುವುದಿಲ್ಲ. ಟಕಾಚ್ ಅವರ ಬಲಗೈ ಮೊದಲಿನಂತಾಗಲಿಲ್ಲ. ಅವರ ಮನೋಬಲವು ದೀರ್ಘ ಅಭ್ಯಾಸವನ್ನು ಸಾಧ್ಯವಾಗಿಸಿತು. ಆ ಅಭ್ಯಾಸವು ಎಡಗೈಯನ್ನು ಸಿದ್ಧಗೊಳಿಸಿತು. ಎಲ್ಲರ ಗಾಯವೂ ಒಂದೇ ಬಗೆಯದಲ್ಲವಾದ್ದರಿಂದ, ಎಲ್ಲರ ಚೇತರಿಕೆಯನ್ನು ಒಂದೇ ಅಳತೆಯಲ್ಲಿ ನೋಡುವುದೂ ಸರಿಯಲ್ಲ. ಆದಾಗ್ಯೂ ಅಂಗವೈಕಲ್ಯ ಪ್ರಮಾಣಪತ್ರದಲ್ಲಿ ನಮೂದಾಗುವ ಶೇಕಡಾವಾರು ಪ್ರಮಾಣವು ಸೌಲಭ್ಯಗಳ ಅರ್ಹತೆಯನ್ನು ನಿರ್ಧರಿಸಲು ಕಳೆದುಹೋದುದರ ಲೆಕ್ಕವೇ ಹೊರತು, ವ್ಯಕ್ತಿಯಲ್ಲಿ ಉಳಿದಿರುವ ಸಾಮರ್ಥ್ಯದ ಲೆಕ್ಕವಲ್ಲ. ಅರ್ಜಿದಾರರೂ ಅವರ ಕುಟುಂಬದವರೂ ಈ ವ್ಯತ್ಯಾಸವನ್ನು ಗಮನದಲ್ಲಿರಿಸಿಕೊಳ್ಳುವುದು ಸೂಕ್ತ.