ಭಾರತಕ್ಕೆ ಮೊದಲ ಹಾಕಿ ಚಿನ್ನ ತಂದ ನಾಯಕ, ಸಂವಿಧಾನ ಸಭೆಯಲ್ಲಿ ಆದಿವಾಸಿಗಳ ದನಿ: ಯಾರು ಈ ಜೈಪಾಲ್ ಸಿಂಗ್ ಮುಂಡಾ?

ದೆಹಲಿ, ಮುಂಬೈನ ಸಿಬಿಎಸ್‌ಇ ಶಾಲೆಗಳಲ್ಲಿ ಓದುವ ಮಕ್ಕಳಿಗೆ ಈ ಹೆಸರು ಎರಡು ಕಡೆ ಸಿಗುತ್ತದೆ. ಒಂದು, ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ: 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಭಾರತ ಹಾಕಿ ತಂಡದ ನಾಯಕ ಯಾರು ಎಂಬ ಪ್ರಶ್ನೆಗೆ ಉತ್ತರವಾಗಿ. ಇನ್ನೊಂದು, ಎನ್‌ಸಿಇಆರ್‌ಟಿಯ 12ನೇ ತರಗತಿ ಇತಿಹಾಸದಲ್ಲಿ, ಸಂವಿಧಾನ ರಚನೆಯ ಅಧ್ಯಾಯದಲ್ಲಿ. ಇವರಿಬ್ಬರೂ ಒಬ್ಬರೇ ಎಂಬುದು ಎಷ್ಟೋ ಮಕ್ಕಳಿಗೆ ಹೊಳೆಯುವುದೇ ಇಲ್ಲ.

ಜೈಪಾಲ್ ಸಿಂಗ್ ಹುಟ್ಟಿದ್ದು 1903ರ ಜನವರಿ 3ರಂದು, ಈಗಿನ ಜಾರ್ಖಂಡ್‌ನ ಖುಂಟಿ ಭಾಗದ ಟಕ್ರಾ ಎಂಬ ಹಳ್ಳಿಯಲ್ಲಿ. ಅದೇ ಸೀಮೆಯಲ್ಲಿ ಬ್ರಿಟಿಷರ ವಿರುದ್ಧ ದಂಗೆಯೆದ್ದ ಬಿರ್ಸಾ ಮುಂಡಾ ರಾಂಚಿ ಜೈಲಿನಲ್ಲಿ ತೀರಿಕೊಂಡು ಆಗಿನ್ನೂ ಮೂರು ವರ್ಷವೂ ಆಗಿರಲಿಲ್ಲ. ಮನೆಯಲ್ಲಿ ಇಟ್ಟ ಹೆಸರು ಪ್ರಮೋದ್ ಪಾಹನ್. ರಾಂಚಿಯ ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದುತ್ತಿದ್ದ ಹುಡುಗನ ಚುರುಕುತನ ಕಂಡು ಅಲ್ಲಿನ ಮುಖ್ಯೋಪಾಧ್ಯಾಯರು ಅವನನ್ನು ಇಂಗ್ಲೆಂಡಿಗೇ ಕರೆದೊಯ್ದರು. ಕ್ಯಾಂಟರ್ಬರಿ ಆಯಿತು, ನಂತರ ಆಕ್ಸ್‌ಫರ್ಡ್‌ನ ಸೇಂಟ್ ಜಾನ್ಸ್ ಕಾಲೇಜು. ಓದಿನ ಜತೆಗೆ ಹಾಕಿಯಲ್ಲೂ ಹೆಸರು ಮಾಡಿದ ಜೈಪಾಲ್, ಆಕ್ಸ್‌ಫರ್ಡ್ ಬ್ಲೂ ಗೌರವ ಪಡೆದರು.

ಐಸಿಎಸ್ ಬೇಕಾ, ಒಲಿಂಪಿಕ್ಸ್ ಬೇಕಾ?

ಐಸಿಎಸ್‌ಗೆ ಆಯ್ಕೆಯಾಗಿ ಇಂಗ್ಲೆಂಡಿನಲ್ಲೇ ತರಬೇತಿಯಲ್ಲಿದ್ದಾಗ ಭಾರತ ತಂಡದ ನಾಯಕತ್ವದ ಕರೆ ಬಂತು. ರಜೆ ಕೇಳಿದರು, ಸಿಗಲಿಲ್ಲ. ರಜೆಯಿಲ್ಲದೆಯೇ ಆಮ್‌ಸ್ಟರ್‌ಡ್ಯಾಮ್‌ಗೆ ಹೊರಟರು. ಧ್ಯಾನ್ ಚಂದ್ ಇದ್ದ ಆ ತಂಡ ಇಡೀ ಟೂರ್ನಿಯಲ್ಲಿ 29 ಗೋಲು ಹೊಡೆದು, ಒಂದನ್ನೂ ಬಿಟ್ಟುಕೊಡದೆ ಚಿನ್ನ ಗೆದ್ದಿತು. ಆದರೆ ಫೈನಲ್‌ನಲ್ಲಿ ಜೈಪಾಲ್ ಮೈದಾನದಲ್ಲಿರಲಿಲ್ಲ. ತಂಡದೊಳಗಿನ ಮನಸ್ತಾಪದಿಂದ ಅಷ್ಟರಲ್ಲಾಗಲೇ ದೂರ ಸರಿದಿದ್ದರು.

ವಾಪಸ್ ಬಂದಾಗ ಇನ್ನೂ ಒಂದು ವರ್ಷ ತರಬೇತಿ ಪಡೆಯಬೇಕೆಂದು ಸೂಚನೆ ಬಂತು. ಅದಕ್ಕೆ ಒಪ್ಪದೆ ಐಸಿಎಸ್ಸನ್ನೇ ಬಿಟ್ಟರು. ಆ ಕಾಲದಲ್ಲಿ ಭಾರತೀಯನೊಬ್ಬನಿಗೆ ಸಿಗಬಹುದಾಗಿದ್ದ ಅತಿ ದೊಡ್ಡ ಸರ್ಕಾರಿ ನೌಕರಿ ಅದು ಎಂಬುದನ್ನು ಮರೆಯುವಂತಿಲ್ಲ.

ಮುಂದೆ ಬರ್ಮಾ ಶೆಲ್ ಕಂಪನಿಯಲ್ಲಿ ಉದ್ಯೋಗ, ಆಫ್ರಿಕಾದ ಗೋಲ್ಡ್ ಕೋಸ್ಟ್‌ನ ಅಚಿಮೋಟಾ ಕಾಲೇಜಿನಲ್ಲಿ ಪಾಠ, ರಾಯಪುರದ ರಾಜಕುಮಾರ್ ಕಾಲೇಜು, ಬಿಕಾನೇರ್ ಸಂಸ್ಥಾನದ ಸೇವೆ. ಸೂಟುಬೂಟಿನ ಬದುಕು. ಹಳ್ಳಿಗೆ ಹಿಂದಿರುಗುವ ಅಗತ್ಯವೇನೂ ಅವರಿಗಿರಲಿಲ್ಲ. ಆದರೂ 1939ರಲ್ಲಿ ರಾಂಚಿಯಲ್ಲಿ ಆದಿವಾಸಿ ಮಹಾಸಭಾದ ಅಧ್ಯಕ್ಷ ಸ್ಥಾನ ವಹಿಸಿಕೊಂಡರು. ಜನ ಅವರನ್ನು ಮರಂಗ್ ಗೋಮ್ಕೆ, ಅಂದರೆ ಮಹಾನಾಯಕ ಎಂದು ಕರೆಯತೊಡಗಿದರು.

ಎರಡನೇ ಮಹಾಯುದ್ಧದಲ್ಲಿ ಅವರು ಬ್ರಿಟಿಷರ ಪರ ನಿಂತು ಸೈನ್ಯಕ್ಕೆ ಆದಿವಾಸಿ ಯುವಕರನ್ನು ಸೇರಿಸಲು ನೆರವಾದರು. ಕಾಂಗ್ರೆಸ್ಸಿಗರಿಗೆ ಇದು ಸಿಟ್ಟು ತರಿಸಿತ್ತು. ಸ್ವಾತಂತ್ರ್ಯ ಹೋರಾಟದ ಸಿದ್ಧ ಚೌಕಟ್ಟಿನೊಳಗೆ ಅವರು ಸುಲಭವಾಗಿ ಕೂರದಿರಲು ಇದೂ ಒಂದು ಕಾರಣ.

ಸಂವಿಧಾನ ಸಭೆಯಲ್ಲಿ ಹೇಳಿದ್ದೇನು?

1946ರ ಡಿಸೆಂಬರ್ 19ರಂದು, ನೆಹರೂ ಮಂಡಿಸಿದ್ದ ಧ್ಯೇಯಗಳ ನಿರ್ಣಯದ ಮೇಲೆ ಜೈಪಾಲ್ ಮಾತಾಡಿದರು. ನಿರ್ಣಯವನ್ನು ಬೆಂಬಲಿಸಿದರು, ಆದರೆ ಹಳೆಯ ಲೆಕ್ಕವನ್ನೂ ಮುಂದಿಟ್ಟರು. ಮೂರು ಕೋಟಿಗೂ ಹೆಚ್ಚು ಆದಿವಾಸಿಗಳ ಪರವಾಗಿ ತಾವು ನಿಂತಿರುವುದಾಗಿ ಹೇಳಿದ ಅವರು, ಬ್ರಿಟಿಷರು ಬರುವ ಎಷ್ಟೋ ಮೊದಲಿನಿಂದಲೇ ತಮ್ಮ ಜನ ಹೊರಗಿನಿಂದ ಬಂದವರ ಕೈಯಲ್ಲಿ ನೆಲೆ ಕಳೆದುಕೊಳ್ಳುತ್ತಾ ಬಂದಿದ್ದಾರೆ, ಅವರ ಚರಿತ್ರೆಯೆಂದರೆ ಶೋಷಣೆಯ ಮತ್ತು ದಂಗೆಗಳ ಚರಿತ್ರೆ ಎಂದರು. ಪ್ರಜಾಪ್ರಭುತ್ವವನ್ನು ಆದಿವಾಸಿಗಳಿಗೆ ಕಲಿಸುವ ಅಗತ್ಯವಿಲ್ಲ, ಅವರಿಂದಲೇ ಕಲಿಯಬೇಕು ಎಂಬುದು ಅವರ ವಾದವಾಗಿತ್ತು. ಸಭೆಯಲ್ಲಿ ಗಂಡಸರೇ ತುಂಬಿದ್ದಾರೆ, ಹೆಣ್ಣುಮಕ್ಕಳು ಇನ್ನಷ್ಟು ಬೇಕು ಎಂದೂ ಹೇಳಿದರು.

ತರಗತಿಯಲ್ಲಿ ಈ ಭಾಷಣವನ್ನು ಮೀಸಲಾತಿ ಕೇಳಿದ ಭಾಷಣ ಎಂದಷ್ಟೇ ಹೇಳಿ ಮುಂದೆ ಹೋದರೆ ಅದರ ಅರ್ಧ ಭಾಗ ಬಿಟ್ಟಂತೆ. ದೇಶದ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು, ಅದರಲ್ಲಿ ಯಾರು ಮೂಲದವರು ಎಂಬ ಪ್ರಶ್ನೆಯನ್ನೇ ಅವರು ಎತ್ತಿದ್ದರು.

ಹೆಸರಿನ ವಿಷಯದಲ್ಲೂ ಪಟ್ಟು ಹಿಡಿದರು. ವನಜಾತಿ ಬೇಡ, ಆದಿವಾಸಿ ಎಂದೇ ಬರೆಯಿರಿ ಎಂಬ ಬೇಡಿಕೆ ಅವರದು. ಸಂವಿಧಾನಕ್ಕೆ ಬಂದಿದ್ದು ಪರಿಶಿಷ್ಟ ಪಂಗಡ ಎಂಬ ಪದ. ಮದ್ಯಪಾನ ನಿಷೇಧವನ್ನು ನಿರ್ದೇಶಕ ತತ್ವಗಳಲ್ಲಿ ಸೇರಿಸಲು ಹೊರಟಾಗಲೂ ವಿರೋಧಿಸಿದರು. ಅಕ್ಕಿಯಿಂದ ತಯಾರಾಗುವ ಪೇಯ ಆದಿವಾಸಿಗಳ ಪೂಜೆಗೂ ಬೇಕು, ಗದ್ದೆ ನಾಟಿಗೂ ಬೇಕು ಎಂದು ಕಾರಣ ಕೊಟ್ಟರು. ಆ ವಾದವೂ ಗೆಲ್ಲಲಿಲ್ಲ.

ಕನ್ನಡಿಗರಿಗೆ ಸಿಕ್ಕಿದ್ದು, ಜಾರ್ಖಂಡ್‌ಗೆ ಸಿಗದಿದ್ದು

1952ರ ಮೊದಲ ಚುನಾವಣೆಯಲ್ಲಿ ಕೋಳಿಹುಂಜದ ಗುರುತಿನ ಅವರ ಜಾರ್ಖಂಡ್ ಪಾರ್ಟಿ ಬಿಹಾರ ವಿಧಾನಸಭೆಯಲ್ಲಿ 30ಕ್ಕೂ ಹೆಚ್ಚು ಸ್ಥಾನ ಗೆದ್ದು ಮುಖ್ಯ ವಿರೋಧ ಪಕ್ಷವಾಯಿತು. ಪ್ರತ್ಯೇಕ ರಾಜ್ಯದ ಬೇಡಿಕೆ ರಾಜ್ಯ ಪುನರ್ವಿಂಗಡಣಾ ಆಯೋಗದ ಮುಂದೆ ಹೋಯಿತು. ಹೌದು, ಹಂಚಿಹೋಗಿದ್ದ ಕನ್ನಡ ಪ್ರದೇಶಗಳನ್ನು ಒಂದುಗೂಡಿಸಲು ಶಿಫಾರಸು ಮಾಡಿದ ಅದೇ ಆಯೋಗ. ನಮಗೆ ಒಂದು ಭಾಷೆಯ ಬಲವಿತ್ತು. ಅಲ್ಲಿ ಮುಂಡಾರಿ, ಸಂತಾಲಿ, ಹೋ, ಕುಡುಖ್ ಹೀಗೆ ಹಲವು ಭಾಷೆಗಳು, ಜತೆಗೆ ಆದಿವಾಸಿಗಳೇ ಆ ಪ್ರದೇಶದಲ್ಲಿ ಬಹುಸಂಖ್ಯಾತರಲ್ಲ ಎಂಬ ವಾದ. 1955ರ ವರದಿಯಲ್ಲಿ ಜಾರ್ಖಂಡ್ ಬೇಡಿಕೆ ತಿರಸ್ಕೃತವಾಯಿತು.

ಅಲ್ಲಿಂದ ಪಕ್ಷದ ಬಲ ಕುಗ್ಗುತ್ತಾ ಹೋಯಿತು. 1963ರಲ್ಲಿ ಜೈಪಾಲ್ ಅದನ್ನು ಕಾಂಗ್ರೆಸ್‌ನಲ್ಲಿ ವಿಲೀನ ಮಾಡಿದರು. ಬೆಂಬಲಿಗರಲ್ಲಿ ಅನೇಕರಿಗೆ ಇದು ಮೋಸದಂತೆ ಕಂಡಿತು, ರಾಜ್ಯವೂ ಬರಲಿಲ್ಲ. ಅವರ ಬದುಕಿನ ದೊಡ್ಡ ರಾಜಕೀಯ ತಪ್ಪು ಇದೇ ಎನ್ನಬೇಕು. ಸಂಸದರಾಗಿ ಮಾತ್ರ ಕೊನೆಯವರೆಗೂ ಉಳಿದರು. 1970ರ ಮಾರ್ಚ್ 20ರಂದು ದೆಹಲಿಯಲ್ಲಿ ನಿಧನರಾದರು.

ಜಾರ್ಖಂಡ್ ರಾಜ್ಯ ಹುಟ್ಟಿದ್ದು 2000ದ ನವೆಂಬರ್ 15ರಂದು, ಬಿರ್ಸಾ ಮುಂಡಾ ಜನ್ಮದಿನದಂದು. ಬ್ರಿಟನ್‌ನ ವಿಶ್ವವಿದ್ಯಾಲಯಗಳಿಗೆ ಆದಿವಾಸಿ ವಿದ್ಯಾರ್ಥಿಗಳನ್ನು ಕಳುಹಿಸುವ ಅಲ್ಲಿನ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಮರಂಗ್ ಗೋಮ್ಕೆ ಜೈಪಾಲ್ ಸಿಂಗ್ ಮುಂಡಾ ಎಂದು ಹೆಸರಿಡಲಾಗಿದ್ದು, 2021ರಲ್ಲಿ ಅದರ ಮೊದಲ ತಂಡ ಹೊರಟಿತು.