ನಲ್ಲಿ ನೀರು ಬಿಚ್ಚಿಟ್ಟ ಗುಟ್ಟು: ಸಿಡ್ನಿ ರಿಂಗರ್ ಮತ್ತು ಹೃದಯದ ಕ್ಯಾಲ್ಸಿಯಂ

ಬಿ.ಪಿ.ಗೆ ಕೊಡುವ ಆಮ್ಲೋಡಿಪಿನ್ ಮಾತ್ರೆಯನ್ನು ‘ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್’ ಎನ್ನುತ್ತಾರೆ. ಹೆಸರು ಕೇಳಿದ ಕೂಡಲೇ ‘ಅಯ್ಯೋ, ಹಾಗಾದರೆ ಮೂಳೆ ಸವೆಯುತ್ತದಾ?’ ಎಂಬ ಅನುಮಾನ ಬರುವುದು ಸಹಜ. ಉತ್ತರ ಹುಡುಕಲು ನಾವು 19ನೇ ಶತಮಾನದ ಲಂಡನ್‌ಗೆ ಹೋಗೋಣ.

ಸಿಡ್ನಿ ರಿಂಗರ್ ಹುಟ್ಟಿದ್ದು ಇಂಗ್ಲೆಂಡಿನ ನಾರ್ವಿಚ್‌ನಲ್ಲಿ. ಲಂಡನ್‌ನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಲ್ಲಿ ವೈದ್ಯರಾಗಿದ್ದರು. ರೋಗಿಗಳನ್ನು ನೋಡುವುದರ ಜೊತೆಗೆ ಪ್ರಯೋಗಾಲಯದಲ್ಲೂ ದುಡಿಯುತ್ತಿದ್ದರು. ದೇಹದಿಂದ ಹೊರತೆಗೆದ ಕಪ್ಪೆಯ ಹೃದಯ ಯಾವ ದ್ರಾವಣದಲ್ಲಿ ಚೆನ್ನಾಗಿ ಬಡಿಯುತ್ತದೆ ಎಂಬುದು ಅವರ ಹುಡುಕಾಟ.

ಲವಣಗಳ ಸರಳ ದ್ರಾವಣದಲ್ಲೇ ಹೃದಯ ಗಂಟೆಗಟ್ಟಲೆ ಬಡಿಯಿತು. 1882ರಲ್ಲಿ ಅದನ್ನು ಪ್ರಕಟಿಸಿಯೂ ಬಿಟ್ಟರು. ಆಮೇಲೆ ಗೊತ್ತಾಯಿತು: ದ್ರಾವಣ ತಯಾರಿಸಿದ್ದು ಭಟ್ಟಿ ಇಳಿಸಿದ ನೀರಿನಲ್ಲಲ್ಲ, ಲಂಡನ್‌ನ ನಲ್ಲಿ ನೀರಿನಲ್ಲಿ! ಭಟ್ಟಿ ಇಳಿಸಿದ ನೀರು ಬಳಸಿದಾಗ ಬಡಿತ ಕುಗ್ಗುತ್ತಾ ನಿಂತುಹೋಯಿತು. ಚೂರು ಕ್ಯಾಲ್ಸಿಯಂ ಸೇರಿಸಿದರೆ ಮತ್ತೆ ಶುರು. ರಿಂಗರ್ ತಮ್ಮ ತಪ್ಪನ್ನು ಮುಚ್ಚಿಡಲಿಲ್ಲ. 1883ರಲ್ಲಿ ತಾವೇ ತಿದ್ದಿ ಬರೆದರು.

ಕ್ಯಾಲ್ಸಿಯಂ ಅಲ್ಲಿ ಮಾಡುತ್ತಿದ್ದುದೇನು? ಜೀವಕೋಶದ ಹೊರಗೆ ಕ್ಯಾಲ್ಸಿಯಂ ಒಳಗಿಗಿಂತ ಸುಮಾರು 10,000 ಪಟ್ಟು ಹೆಚ್ಚು. ಕೋಶದ ಪೊರೆಯಲ್ಲಿ ಪ್ರೋಟೀನಿನ ಪುಟ್ಟ ಬಾಗಿಲುಗಳಿವೆ, ಇವೇ ಚಾನೆಲ್‌ಗಳು. ವಿದ್ಯುತ್ ಸಂಕೇತ ಬಂದಾಗ ಬಾಗಿಲು ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅದು ಕೋಶದೊಳಗಿನ ಕ್ಯಾಲ್ಸಿಯಂ ದಾಸ್ತಾನನ್ನೂ ಬಿಡಿಸುತ್ತದೆ. ಸ್ನಾಯು ಬಿಗಿಯುತ್ತದೆ, ಹೃದಯ ಬಡಿಯುತ್ತದೆ.

ಈ ಬಾಗಿಲುಗಳ ಬಗ್ಗೆ ತಿಳಿಯುವ ಮೊದಲೇ, 1910ರಲ್ಲಿ ರಿಂಗರ್ ತೀರಿಕೊಂಡರು. ಏಡಿಯ ಸ್ನಾಯುವಿನಲ್ಲಿ ಅವುಗಳ ಸುಳಿವು ಸಿಕ್ಕಿದ್ದು 1953ರಲ್ಲಿ. ಆದರೂ ಅವರ ಹೆಸರು ಇಂದಿಗೂ ಆಸ್ಪತ್ರೆಗಳಲ್ಲಿದೆ. ಡ್ರಿಪ್ ಹಾಕುವ ‘ಆರ್.ಎಲ್.’ ಬಾಟಲಿ ಎಂದರೆ ರಿಂಗರ್ ಲ್ಯಾಕ್ಟೇಟ್. ಅಮೆರಿಕದ ವೈದ್ಯ ಅಲೆಕ್ಸಿಸ್ ಹಾರ್ಟ್‌ಮನ್ 1930ರ ದಶಕದಲ್ಲಿ ರಿಂಗರ್ ದ್ರಾವಣಕ್ಕೆ ಲ್ಯಾಕ್ಟೇಟ್ ಸೇರಿಸಿದರು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಆಮ್ಲೋಡಿಪಿನ್ ಮುಖ್ಯವಾಗಿ ರಕ್ತನಾಳದ ಸ್ನಾಯುಗಳ ಬಾಗಿಲುಗಳಿಂದ ಒಳಬರುವ ಕ್ಯಾಲ್ಸಿಯಂ ಅನ್ನು ಕಡಿಮೆ ಮಾಡುತ್ತದೆ. ನಾಳ ಸಡಿಲಗೊಂಡು ಬಿ.ಪಿ. ಇಳಿಯುತ್ತದೆ. ಮೂಳೆಯಲ್ಲಿರುವ ಕ್ಯಾಲ್ಸಿಯಂ ಅನ್ನು ಅದು ಕರಗಿಸುವುದಿಲ್ಲ. ಕೆಲವರಿಗೆ ಕಾಲು ಊದಿಕೊಳ್ಳುವುದುಂಟು. ಹಾಗಾದರೆ ವೈದ್ಯರಿಗೆ ತಿಳಿಸಿ. ಹೆಸರಿಗೆ ಹೆದರಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಏರಿದ ಬಿ.ಪಿ. ಸದ್ದಿಲ್ಲದೆ ಪಾರ್ಶ್ವವಾಯು, ಹೃದಯಾಘಾತ ತರಬಹುದು.

ಮನೆಯಲ್ಲಿ ಯಾರಾದರೂ ಈ ಮಾತ್ರೆ ನುಂಗಲು ಹಿಂಜರಿಯುತ್ತಿದ್ದರೆ, ಇದನ್ನು ಅವರಿಗೆ ಕಳುಹಿಸಿ.