ಶಸ್ತ್ರವೈದ್ಯರಿಗೆ ಪಾಠ ಕಲಿಸಿದ ಬಡಗಿ ವಿವಿಯನ್ ಥಾಮಸ್

ಮ್ಹಾಪಸಾ: ಮಗುವಿನ ತುಟಿ, ಉಗುರು ನೀಲಿಗಟ್ಟಿದರೆ ಇಂದು ಗಡಿಹಳ್ಳಿಯ ಹೆತ್ತವರೂ ಹೃದಯ ತಜ್ಞರತ್ತ ಓಡುತ್ತಾರೆ. ಇಂಥ ಮಕ್ಕಳಿಗೆ ಬದುಕುವ ದಾರಿ ತೋರಿದವರಲ್ಲಿ ವೈದ್ಯ ಪದವಿಯೇ ಇಲ್ಲದ ಅಮೆರಿಕದ ಕಪ್ಪುವರ್ಣೀಯರೊಬ್ಬರು ಇದ್ದರು.

ವಿವಿಯನ್ ಥಾಮಸ್ ಹುಟ್ಟಿದ್ದು 1910ರಲ್ಲಿ. ಮಾಡುತ್ತಿದ್ದುದು ಬಡಗಿ ಕೆಲಸ. ಡಾಕ್ಟರಾಗಲು ಕೂಡಿಟ್ಟ ಹಣ ಆರ್ಥಿಕ ಕುಸಿತದಲ್ಲಿ ಬ್ಯಾಂಕಿನೊಂದಿಗೇ ಮುಳುಗಿತು. 1930ರಲ್ಲಿ ಡಾ. ಆಲ್ಫ್ರೆಡ್ ಬ್ಲಾಲಾಕ್ ಅವರ ಪ್ರಯೋಗಶಾಲೆ ಸೇರಿದ ಅವರು, 1941ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಬಂದರು.

ಶ್ವಾಸಕೋಶಕ್ಕೆ ರಕ್ತ ಸಾಲದೆ ನೀಲಿಯಾಗುವ ಮಕ್ಕಳ ಕಷ್ಟವನ್ನು ಡಾ. ಹೆಲೆನ್ ಟೌಸಿಗ್ ಮುಂದಿಟ್ಟರು. ತೋಳಿಗೆ ಹೋಗುವ ರಕ್ತನಾಳವನ್ನು ಶ್ವಾಸಕೋಶದ ನಾಳಕ್ಕೆ ಜೋಡಿಸುವುದನ್ನು ಥಾಮಸ್ ನಾಯಿಗಳ ಮೇಲೆ ಮಾಡಿ ಪಳಗಿದರು. 1944ರ ನವೆಂಬರ್ 29ರಂದು ಬ್ಲಾಲಾಕ್ 15 ತಿಂಗಳ ಮಗುವಿಗೆ ಶಸ್ತ್ರಚಿಕಿತ್ಸೆ ಮಾಡುವಾಗ, ಥಾಮಸ್ ಹಿಂದೆ ಪುಟ್ಟ ಮಣೆಯ ಮೇಲೆ ನಿಂತು ಸಲಹೆ ಕೊಡುತ್ತಿದ್ದರು. ಆ ಮಗು ಹೆಚ್ಚು ಕಾಲ ಬದುಕಲಿಲ್ಲ. ಮುಂದೆ ಸಾವಿರಾರು ಮಕ್ಕಳು ಬದುಕಿಕೊಂಡರು.

ಚಿಕಿತ್ಸೆಗೆ ಇಬ್ಬರು ಡಾಕ್ಟರರ ಹೆಸರು ಬಂತು. ಥಾಮಸ್ ವರ್ಷಗಟ್ಟಲೆ ಸಂಬಳದ ಪಟ್ಟಿಯಲ್ಲಿ ಕಸ ಗುಡಿಸುವವರ ದರ್ಜೆಯಲ್ಲಿದ್ದವರು. ಆದರೂ ಅವರು ಕೈಹಿಡಿದು ಕಲಿಸಿದ ತರುಣರು ಹೆಸರಾಂತ ಶಸ್ತ್ರವೈದ್ಯರಾದರು. 1976ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1985ರಲ್ಲಿ ಥಾಮಸ್ ತೀರಿಕೊಂಡರು. ಕಲಿಸುವವನ ಕೈಗೆ ಪದವಿಗಿಂತ ಪಳಗಿಕೆ ಮುಖ್ಯ ಎಂಬುದಕ್ಕೆ ಅವರ ಬಾಳೇ ಸಾಕ್ಷಿ.